ಕುಟುಂಬ ಹಾಕಿ: ಬೆಂಚಿಗೆ ಇಬ್ಬರು ಫಾರ್ವರ್ಡ್ ಬೇಕು, ಇರೋದು ನಾಲ್ವರು

ಮೊಣಕಾಲು_ಮ್ಯಾನೇಜರ್ (ಬಾಳೆಲೆ ಕಡೆ):

ಎಲ್ಲರಿಗೂ ನಮಸ್ಕಾರ. ಒಕ್ಕದ (ನಮ್ಮ ಕುಲದ) ಹೆಸರು ಹೇಳಲ್ಲ, ಹೇಳಿದ್ರೆ ನಾಳೆ ಬೆಳಗ್ಗೆ ಕಾಫಿ ಕುಡಿಯೋ ಮೊದಲೇ ಐನ್‌ಮನೆಯಿಂದ, ಅಂದ್ರೆ ಕುಲದ ಮೂಲ ಮನೆಯಿಂದ, ಫೋನ್ ಬರುತ್ತೆ. ಮೂರು ವರ್ಷದ ಹಿಂದೆ ಎಡ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡೆ. ಅವತ್ತಿಂದ ನಾನು ನಮ್ಮ ಕುಟುಂಬ ತಂಡದ ಮ್ಯಾನೇಜರ್. ಅಂದ್ರೆ ಜರ್ಸಿ ಲೆಕ್ಕ, ಐಸ್, ನಿಂಬೆಹಣ್ಣು, ಜೀಪಿಗೆ ಡೀಸೆಲ್, ಸೋತ ದಿನ ಬೈಗುಳ, ಎಲ್ಲಾ ಒಬ್ಬನ ತಲೆ ಮೇಲೆ.

ಏಪ್ರಿಲ್‌ನಲ್ಲಿ ಕೊಡಗಿನಲ್ಲಿ ನಡೆಯೋ ಕೊಡವ ಕುಟುಂಬಗಳ ಹಾಕಿ ಟೂರ್ನಿಗೆ 16 ಜನರ ಪಟ್ಟಿ ಮಾಡ್ಕೊಂಡಿದ್ದೀವಿ. ಒಲಿಂಪಿಕ್ಸ್‌ನಲ್ಲೇ ಒಂದು ಪಂದ್ಯಕ್ಕೆ 16 ಜನ ಸಾಕಾಗುತ್ತೆ, ನಮಗೇನು ಕಡಿಮೆ! ಆಡೋ 11, ಎರಡನೇ ಗೋಲಿ (ಗೋಲ್‌ಕೀಪರ್) ಒಬ್ಬ, ಹಿಂದಿನ ಸಾಲಿಗೂ ಹಾಫ್‌ಲೈನಿಗೂ ಇಬ್ಬರು. ಇಷ್ಟರ ಬಗ್ಗೆ ಜಗಳ ಇಲ್ಲ. ಜಗಳ ಇರೋದು ಕೊನೆಯ ಎರಡು ಜಾಗಕ್ಕೆ, ಬದಲಿ ಫಾರ್ವರ್ಡ್‌ಗಳಿಗೆ.

ಒಬ್ಬ ದೊಡ್ಡಪ್ಪನ ಮಗ ಅಣ್ಣ, 41 ವರ್ಷ, ಪಟಾಳಂನಲ್ಲಿ (ಸೈನ್ಯದಲ್ಲಿ) ಹಾಕಿ ಆಡಿ ಬಂದವನು. ಚೆಂಡು ಅವನ ಸ್ಟಿಕ್ಕಿಗೆ ಅಂಟಿಕೊಂಡೇ ಇರುತ್ತೆ, ಆದರೆ ಆರು ನಿಮಿಷ ಓಡಿದ್ರೆ ಆಮೇಲೆ ಸೊಂಟ ಹಿಡ್ಕೊಂಡು ನಿಲ್ತಾನೆ. ಎರಡನೆಯವನು ನನ್ನ ಕಸಿನ್ ಮಗ, 19, ಮಂಗಳೂರಲ್ಲಿ ಇಂಜಿನಿಯರಿಂಗ್. ಓಟ ನೋಡಿದ್ರೆ ಭಾರತ ತಂಡಕ್ಕೆ ಆಡಿದ ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ನೆನಪಾಗ್ತಾರೆ, ಟ್ರ್ಯಾಪ್ (ಚೆಂಡು ತಡೆದು ಹಿಡಿಯೋದು) ನೋಡಿದ್ರೆ ಯಾರೂ ನೆನಪಾಗಲ್ಲ. ಚೆಂಡು ಒಂದು ಕಡೆ, ಹುಡುಗ ಇನ್ನೊಂದು ಕಡೆ. ಮೂರನೆಯವನು ಬೆಂಗಳೂರಿನ ಐಟಿ ತಮ್ಮ, ಜರ್ಸಿಯ ಖರ್ಚೆಲ್ಲ ಅವನದು. ರಿವರ್ಸ್ ಹಿಟ್ ಚೆನ್ನಾಗಿದೆ, ಆದರೆ ಪಂದ್ಯದ ದಿನ ಬೆಳಗ್ಗೆ ಕಾರಿಂದ ಇಳಿದು ನೇರ ಮೈದಾನಕ್ಕೆ ಬರೋ ಗಿರಾಕಿ. ನಾಲ್ಕನೆಯವಳು ಚಿಕ್ಕಪ್ಪನ ಮಗಳು, 17, ಪಿಯುಸಿ. ಪೊನ್ನಂಪೇಟೆ ಟರ್ಫಿನಲ್ಲಿ (ಕೃತಕ ಹುಲ್ಲಿನ ಮೈದಾನದಲ್ಲಿ) ದಿನಾ ಬೆಳಗ್ಗೆ ಪ್ರಾಕ್ಟೀಸ್. ರೈಟ್ ವಿಂಗ್. 'ಗಂಡಸರ ಮಧ್ಯೆ ಪೆಟ್ಟು ಬಿದ್ರೆ ಯಾರು ಹೊಣೆ' ಅಂತ ಹಿರಿಯರು.

ಆಡೋ ಮುಂಚೂಣಿಯೂ ಎಳೆಯರದಲ್ಲ. ಸೆಂಟರ್ ಫಾರ್ವರ್ಡ್‌ಗೆ 36, ರೈಟ್ ವಿಂಗ್ ನನ್ನ ಸ್ವಂತ ಅಣ್ಣ 38, ಲೆಫ್ಟ್‌ನಲ್ಲಿರೋನು ಒಬ್ಬನೇ ಮೂವತ್ತರ ಒಳಗೆ. ಹೋದ ವರ್ಷ ಎರಡನೇ ಸುತ್ತಿನಲ್ಲಿ 2-1ಕ್ಕೆ ಮನೆಗೆ ಬಂದ್ವಿ. ಹೇಗೆ ಅಂತ ಕೇಳ್ಬೇಡಿ. ನಾಕೌಟ್ ತಾನೇ, ಒಂದು ಸೋತರೆ ಮುಂದಿನ ಏಪ್ರಿಲ್.

ನೀವಾಗಿದ್ರೆ ಯಾರನ್ನ ತಗೊಳ್ತಿದ್ರಿ? ಅದಕ್ಕಿಂತ, ಎಂತ ನೋಡಿ ತಗೊಳ್ತಿದ್ರಿ?

ಕರಿಮೆಣಸು_ಬಳ್ಳಿ:

ಜರ್ಸಿ ಕೊಡೋನನ್ನ ಬಿಟ್ರೆ ಬನಿಯನ್ ಹಾಕ್ಕೊಂಡು ಆಡ್ಬೇಕಾಗುತ್ತೆ ಮಾರಾಯ. ಮೊದಲು ಅವನ ಹೆಸರು ಬರಿ.

ಪಿಟಿ_ಮೇಷ್ಟ್ರು_ನಿವೃತ್ತ:

ಮ್ಯಾನೇಜರೇ, ಮೂವತ್ತೊಂದು ವರ್ಷ ಮಕ್ಕಳಿಗೆ ಹಾಕಿ ಹೇಳಿಕೊಟ್ಟವನು ನಾನು, ಸ್ವಲ್ಪ ಉದ್ದ ಬರೀತೀನಿ.

'ನಾಲ್ವರಲ್ಲಿ ಯಾರು ಚೆನ್ನಾಗಿ ಆಡ್ತಾರೆ' ಅಂತ ಕೇಳ್ತಾ ಕೂತಿದ್ದೀರಿ, ಅಲ್ಲೇ ಎಡವಿದ್ದೀರಿ. ಯಾರು ಒಳಗೆ ಹೋಗ್ಬೇಕು ಅನ್ನೋದಕ್ಕಿಂತ ಮೊದಲು ಯಾರು ಹೊರಗೆ ಬರ್ತಾರೆ ಅಂತ ಬರೆದುಕೊಳ್ಳಿ. 38 ವರ್ಷದ ರೈಟ್ ವಿಂಗ್ ಮೊದಲು ಬರ್ತಾನೆ, ಆಮೇಲೆ ಸೆಂಟರ್ ಫಾರ್ವರ್ಡ್. ಅವರಿಬ್ಬರು ಮೈದಾನದಲ್ಲಿ ಏನೇನು ಕೆಲಸ ಮಾಡ್ತಾರೆ? ಗೋಲು ಹೊಡೆಯೋದನ್ನ ಬಿಟ್ಟು ಹೇಳಿ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಬೇಸ್‌ಲೈನಿಂದ ಪುಶ್ ಮಾಡೋದು ಯಾರು? ಡಿ (ಗೋಲಿನ ಮುಂದಿನ ಅರ್ಧವೃತ್ತ) ತಲೆಯಲ್ಲಿ ಆ ಚೆಂಡನ್ನ ಸ್ಟಾಪ್ ಮಾಡೋದು ಯಾರು? ಎದುರಾಳಿ ತನ್ನ ಗೋಲಿನ ಕಡೆಯಿಂದ 16 ಗಜದ ಹಿಟ್ ತೆಗೆಯುವಾಗ ದಾರಿ ಮುಚ್ಚೋಕೆ ಮೊದಲು ಓಡೋದು ಯಾರು? ಆ ಕೆಲಸ ಖಾಲಿ ಬಿದ್ದಾಗ ತುಂಬೋನೇ ಬದಲಿ ಆಟಗಾರ.

ಹಾಕಿಯಲ್ಲಿ ಬದಲಾವಣೆಗೆ ಲೆಕ್ಕ ಇಲ್ಲ, ಹೊರಗೆ ಬಂದವನು ಮತ್ತೆ ಒಳಗೆ ಹೋಗಬಹುದು. ಅದಕ್ಕೇ ಜನ ಸಡಿಲ ಆಗ್ತಾರೆ. ಆದರೆ ಪೆನಾಲ್ಟಿ ಕಾರ್ನರ್ ಕೊಟ್ಟ ಕ್ಷಣದಿಂದ ಅದು ಮುಗಿಯೋ ತನಕ ಬದಲಾವಣೆ ಇಲ್ಲ, ಗಾಯಗೊಂಡ ಗೋಲಿಯನ್ನ ಬಿಟ್ರೆ. ಆ ಹೊತ್ತಿಗೆ ಒಳಗೆ ಯಾರಿದ್ದಾರೋ ಅವರೇ ಪುಶ್ ಮಾಡ್ಬೇಕು. ಭಾರತ ತಂಡಕ್ಕೆ ಆಡಿದ ನಮ್ಮ ವಿ.ಆರ್. ರಘುನಾಥ್ ತರದ ಡ್ರ್ಯಾಗ್ ಫ್ಲಿಕರ್ (ಕಾರ್ನರ್‌ನಲ್ಲಿ ಗೋಲಿನತ್ತ ಚೆಂಡು ಚಿಮ್ಮಿಸೋನು) ನಿಮ್ಮ ಹತ್ತಿರ ಇದ್ರೂ ಪುಶ್ ಸರಿಯಿಲ್ಲದಿದ್ರೆ ಚೆಂಡು ಅವನ ತನಕ ಬರೋದೇ ಇಲ್ಲ.

ಇನ್ನೊಂದು. ಟರ್ಫಿನ ಮಕ್ಕಳನ್ನ ಮಣ್ಣಿನ ಮೈದಾನದಲ್ಲಿ ನೋಡದೆ ಆರಿಸಬೇಡಿ. ಟರ್ಫಿನಲ್ಲಿ ಚೆಂಡು ಹೇಳಿದ ಮಾತು ಕೇಳುತ್ತೆ. ನಮ್ಮ ಮೈದಾನದಲ್ಲಿ ಕೊನೇ ಗಳಿಗೇಲಿ ಎಗರುತ್ತೆ, ಸ್ಟಿಕ್ ನೇರ ಹಿಡಿದು ಮೈ ಹಿಂದಿಟ್ಟು ತಡೆಯೋರಿಗೆ ಮಾತ್ರ ಸಿಗುತ್ತೆ. ಕೊಯ್ಲಾದ ಗದ್ದೆಯಲ್ಲಿ ಆಡಿ ಬೆಳೆದ ನಮ್ಮ ಕಾಲದವರಿಗೆ ಇದು ಹೇಳಿಕೊಡಬೇಕಾಗಿರಲಿಲ್ಲ.

ಹೋದ ವರ್ಷ ಹೇಗೆ ಸೋತ್ರಿ ಅಂತ ಈಗ ಹೇಳಿ. ನನಗೆ ಅನುಮಾನ ಇದೆ.

ಮೊಣಕಾಲು_ಮ್ಯಾನೇಜರ್:

ಮೇಷ್ಟ್ರೇ, ನೀವು ಅವತ್ತು ಗ್ಯಾಲರಿಯಲ್ಲಿ ಇದ್ರಾ ಹೇಗೆ?

1-1 ಇತ್ತು, ಮೂರು ನಿಮಿಷ ಬಾಕಿ. ರೈಟ್ ವಿಂಗ್ ಆಡೋ ನಮ್ಮಣ್ಣನಿಗೆ ಮೀನಖಂಡ ಹಿಡ್ಕೊಂಡಿತು ಅಂತ ಕರೆಸಿಕೊಂಡೆ, ಈ 19ರ ಹುಡುಗನನ್ನ ಬಿಟ್ಟೆ. ಅರ್ಧ ನಿಮಿಷ ಆಗಿಲ್ಲ, ಇವನೇ ಓಡಿ ಹೋಗಿ ಕಾರ್ನರ್ ಗಿಟ್ಟಿಸಿದ. ನಾವೆಲ್ಲ ಎದ್ದು ನಿಂತು ಕೂಗಿದ್ದೇ ಕೂಗಿದ್ದು. ಆಮೇಲೆ ನೋಡ್ತೀನಿ, ಪುಶ್ ಮಾಡೋ ನಮ್ಮಣ್ಣ ನನ್ನ ಪಕ್ಕದಲ್ಲೇ ಕಾಲಿಗೆ ಐಸ್ ಇಟ್ಕೊಂಡು ಕೂತಿದ್ದಾನೆ. ಒಳಗಿದ್ದ ಯಾರೂ ಜನ್ಮದಲ್ಲಿ ಪುಶ್ ಮಾಡಿದವರಲ್ಲ. ಹುಡುಗನೇ ಮಾಡಿದ. ಚೆಂಡು ಕುಂಟುತ್ತಾ ಎರಡಡಿ ಆಚೆ ಹೋಯ್ತು, ಎದುರಾಳಿ ಎತ್ತಿಕೊಂಡ, ನಮ್ಮವರೆಲ್ಲ ಅವರ ಡಿ ಹತ್ತಿರ. ಒಂದೇ ಓಟ, ಗೋಲು. ಎಲ್ಲರೂ ಹುಡುಗನನ್ನ ಬೈದ್ರು. ಬೈಸಿಕೊಳ್ಳಬೇಕಾಗಿದ್ದು ನಾನು. ಇಷ್ಟು ದಿನ ಯಾರ ಹತ್ತಿರವೂ ಹೇಳಿರಲಿಲ್ಲ.

ಶಾರ್ಲೆಟ್‌ನಿಂದ_ಕುಂಞಿ:

ಕುಟ್ಟದವನು ನಾನು, ಹನ್ನೆರಡು ವರ್ಷದಿಂದ ಅಮೆರಿಕಾದಲ್ಲಿ. ಇಲ್ಲಿ ಹಾಕಿ ಅಂದ್ರೆ ಐಸ್ ಮೇಲೆ, ಹಾಗಾಗಿ ಅವರ ಫುಟ್‌ಬಾಲ್ ನೋಡೋ ಚಟ ಹತ್ತಿದೆ. ನಗಬೇಡಿ, ನಿಮ್ಮ ಪ್ರಶ್ನೆ ಇಲ್ಲಿ ಪ್ರತಿ ಆಗಸ್ಟ್ ಕೊನೆಯಲ್ಲಿ 32 ತಂಡಗಳಿಗೂ ತಲೆನೋವು.

ಎನ್‌ಎಫ್‌ಎಲ್ ಅಂದ್ರೆ ಆ ಫುಟ್‌ಬಾಲಿನ ವೃತ್ತಿಪರ ಲೀಗ್, ಅದರಲ್ಲಿ ಶಿಬಿರಕ್ಕೆ 90 ಜನ ಬರ್ತಾರೆ, ಕೊನೆಗೆ 53 ಉಳಿಸ್ಕೋಬೇಕು. ಅದರಲ್ಲಿ ವೈಡ್ ರಿಸೀವರ್ ಸಾಮಾನ್ಯವಾಗಿ ಐದೋ ಆರೋ. ನಮ್ಮ ವಿಂಗರ್ ತರ ಅಂಚಲ್ಲಿ ಓಡಿ, ಎಸೆದ ಚೆಂಡು ಹಿಡಿಯೋದು ಅವರ ಕೆಲಸ. ಮೊದಲ ಮೂವರ ಬಗ್ಗೆ ಯಾರೂ ಚರ್ಚೆ ಮಾಡಲ್ಲ. ಐದನೆಯವನು, ಆರನೆಯವನು ಯಾರು ಅನ್ನೋದರಲ್ಲೇ ಗುದ್ದಾಟ. ತಮಾಷೆ ಏನಂದ್ರೆ ಆ ಜಾಗಕ್ಕೆ ಹಿಡಿಯೋ ಕೈ ಒಂದೇ ಸಾಕಾಗಲ್ಲ. ಪಂದ್ಯದ ದಿನ 53ರಲ್ಲಿ ಹೆಚ್ಚೆಂದರೆ 48 ಜನಕ್ಕೆ ಮಾತ್ರ ಸಮವಸ್ತ್ರ. ಬೆಂಚಲ್ಲಿ ಕೂತು ಕಾಯೋ ರಿಸೀವರ್‌ಗೆ ಅದರಲ್ಲಿ ಒಂದು ಜಾಗ ಕೊಡೋದು ದುಬಾರಿ. ಹಾಗಾಗಿ ಕೋಚ್ ಕೇಳೋದು, ಎಡಕ್ಕೂ ಬಲಕ್ಕೂ ಮಧ್ಯಕ್ಕೂ ಮೂರೂ ಜಾಗದ ಓಟ ಗೊತ್ತಾ? ನಾವು ಚೆಂಡನ್ನ ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವಾಗ, ಹಿಡಿದವನನ್ನ ಓಡಿ ಹೋಗಿ ಕೆಡವ್ತೀಯಾ? ಆ ಕೆಡವೋ ಅಂಚಿನ ಓಟಗಾರನಿಗೆ ಗನ್ನರ್ ಅಂತಾರೆ.

ಮ್ಯಾಥ್ಯೂ ಸ್ಲೇಟರ್ ಅಂತ ಒಬ್ಬರಿದ್ರು, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ. ಪಟ್ಟಿಯಲ್ಲಿ ವೈಡ್ ರಿಸೀವರ್. 2008ರಿಂದ 16 ಸೀಸನ್ ಆಡಿದ್ರು. ಲೀಗ್ ಪಂದ್ಯಗಳಲ್ಲಿ ಹಿಡಿದ ಕ್ಯಾಚ್ ಎಷ್ಟು ಹೇಳಿ. ಒಂದು. 2011ರಲ್ಲಿ, 46 ಗಜದ್ದು. ಆ ಒಂದು ಕ್ಯಾಚಿನ ಮನುಷ್ಯ 10 ಸಲ ಪ್ರೋ ಬೌಲ್‌ಗೆ (ಲೀಗಿನ ತಾರೆಯರ ಪಟ್ಟಿಗೆ) ಆಯ್ಕೆಯಾದ್ರು, ಗನ್ನರ್ ಕೆಲಸಕ್ಕಾಗಿ. ಮೇಷ್ಟ್ರು ಹೇಳಿದ ಪುಶ್ ವಿಚಾರ ಓದುವಾಗ ನನಗೆ ಅವರೇ ಕಣ್ಣ ಮುಂದೆ ಬಂದ್ರು.

ಒಂದು ವ್ಯತ್ಯಾಸ ಮಾತ್ರ ಉಂಟು. ಇಲ್ಲಿ ತಂಡದಿಂದ ತೆಗೆದ್ರೆ ಅವನು ಬ್ಯಾಗ್ ತಗೊಂಡು ಹೋಗ್ತಾನೆ. ನಿಮ್ಮಲ್ಲಿ ಪುತ್ತರಿಗೆ (ಸುಗ್ಗಿ ಹಬ್ಬಕ್ಕೆ) ಅವನ ಜೊತೆಯೇ ಕದಿರು ತೆಗೆಯೋಕೆ ಗದ್ದೆಗೆ ಹೋಗ್ಬೇಕು.

ಬೆಳ್ಳಿ_ಪೀಚೆಕತ್ತಿ:

ನಾನು ನಮ್ಮ ಒಕ್ಕದ ತಂಡದಲ್ಲಿ ಐದು ವರ್ಷ ಆಡಿದವಳು, ಈಗ ಇಬ್ಬರು ಮಕ್ಕಳ ತಾಯಿ. ಮ್ಯಾನೇಜರಣ್ಣ, ಆ ಹುಡುಗಿ ಬಗ್ಗೆ ನಾಲ್ಕು ಸಾಲು ಬರೆದಿದ್ದೀರಿ, ಅದರಲ್ಲಿ ಆಟದ ಬಗ್ಗೆ ಎರಡೇ ಪದ, ರೈಟ್ ವಿಂಗ್. ಉಳಿದದ್ದು ಟರ್ಫು, ಪಿಯುಸಿ, ಪೆಟ್ಟು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಊರಲ್ಲಿ 60 ಕುಟುಂಬ ಸೇರಿಸಿ ಈ ಟೂರ್ನಿ ಶುರು ಮಾಡಿದ್ದು ಕುಟುಂಬಗಳ ಹಬ್ಬ ಅಂತ. ಕುಟುಂಬ ಅಂದ್ರೆ ನಾವೂ ಅಲ್ವಾ? ಅಜ್ಜಂದಿರೂ ಹೆಣ್ಣುಮಕ್ಕಳೂ ಒಂದೇ ತಂಡದಲ್ಲಿ ಆಡೋದು ಈ ಟೂರ್ನಿಯಲ್ಲಿ ಹೊಸದೂ ಅಲ್ಲ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬ, ಮರುವರ್ಷ ಮಡಿಕೇರಿಯಲ್ಲಿ 396. ಇಷ್ಟು ತಂಡ ಬಂದ ಮೇಲೂ 'ಪೆಟ್ಟು ಬಿದ್ರೆ' ಅಂತ ಕೂತಿದ್ದೀರಲ್ಲ.

ಪೆಟ್ಟು ನನಗೂ ಬಿದ್ದಿದೆ. ಹಲ್ಲು ಒಂದು ಅಲ್ಲೇ ಬಿಟ್ಟು ಬಂದಿದ್ದೀನಿ. ಮೌತ್ ಗಾರ್ಡ್ ಕೊಡಿಸಿ, ನಿಮ್ಮ 41ರ ಅಣ್ಣನಿಗೂ ಸೇರಿಸಿ ಕೊಡಿಸಿ.

ಇನ್ನೊಂದು ಮಾತು 19ರ ಹುಡುಗನ ಪರವಾಗಿ. 2018 ಆದ ಮೇಲೆ ಪ್ರವಾಹ, ಕೊರೊನಾ ಅಂತ 2023ರ ತನಕ ಟೂರ್ನಿಯೇ ಇರಲಿಲ್ಲ. ಅಣ್ಣಂದಿರ ಕೈಕೆಳಗೆ ಬೆಂಚಲ್ಲಿ ಕೂತು ಕಲಿಯೋ ವಯಸ್ಸು ಆ ಮಕ್ಕಳಿಗೆ ಹಾಗೇ ಹೋಯ್ತು. ಪುಶ್ ಬರಲ್ಲ ಅಂದ್ರೆ ಅದು ಅವನ ತಪ್ಪಲ್ಲ.

ಕರಿಮೆಣಸು_ಬಳ್ಳಿ:

ಅಕ್ಕ ಹೇಳಿದ ಮೇಲೆ ನಾನು ಜರ್ಸಿ ಮಾತು ವಾಪಸ್ ತಗೊಂಡೆ.

ಮೊಣಕಾಲು_ಮ್ಯಾನೇಜರ್:

ಮೂರು ವಾರ ಈ ಕಡೆ ಬರೋಕೆ ಆಗಲಿಲ್ಲ. ರೊಬಸ್ಟಾ ಕೊಯ್ಲು ಮುಗಿಸಿ ಹೂವಿಗೆ ಸ್ಪ್ರಿಂಕ್ಲರ್ ಹಾಕೋ ಹೊತ್ತು, ರಾತ್ರಿ ಎರಡು ಗಂಟೆಗೆ ಪೈಪ್ ಬದಲಿಸಿ ಬೆಳಗ್ಗೆ ಹಾಕಿ ಅಂದ್ರೆ ಮನೆಯವಳು ಮುಖ ನೋಡ್ತಾಳೆ.

ಮೇಷ್ಟ್ರು ಹೇಳಿದ ಹಾಗೆ ಎರಡು ಭಾನುವಾರ ಮನೆ ಕೆಳಗಿನ ಒಣಗಿದ ಗದ್ದೆಯಲ್ಲೇ ನೋಡಿದ್ವಿ, ಟರ್ಫಿಗೆ ಹೋಗಲೇ ಇಲ್ಲ. ಬದಿಯಿಂದ ಒಂದು ಗೋಣಿಚೀಲದ ಮೇಲಕ್ಕೆ 20 ಪುಶ್. ಪಟಾಳಂ ಅಣ್ಣ 17 ಸರಿಯಾಗಿ ಮುಟ್ಟಿಸಿದ. ತಂಗಿ 14. ಹುಡುಗ 6. ಬೆಂಗಳೂರಿನ ತಮ್ಮ ಮೊದಲ ಭಾನುವಾರ ಬರಲಿಲ್ಲ, ಎರಡನೇದಕ್ಕೆ ಹನ್ನೊಂದೂವರೆಗೆ ಬಂದ. ಅಷ್ಟೊತ್ತಿಗೆ ಗದ್ದೆಯಲ್ಲಿ ಹಸುಗಳಿದ್ವು.

ಎಗರೋ ಚೆಂಡು ತಡೆಯೋದರಲ್ಲಿ ತಂಗಿ ಮೊದಲ ಹತ್ತು ನಿಮಿಷ ಒದ್ದಾಡಿದಳು, ಟರ್ಫಿನ ಹಾಗೆ ಸ್ಟಿಕ್ ಮಲಗಿಸಿ ಹಿಡೀತಾ ಇದ್ದಳು. ಆಮೇಲೆ ಯಾರೂ ಹೇಳದೆ ತಾನೇ ನೇರ ಮಾಡಿಕೊಂಡಳು. ಅದನ್ನ ನೋಡಿದಾಗಲೇ ನನಗೆ ತೀರ್ಮಾನ ಆಗಿಹೋಗಿತ್ತು. ನಮ್ಮಣ್ಣ ಹೊರಗೆ ಬಂದ್ರೆ ಇವಳು ಒಳಗೆ, ಅದೇ ಜಾಗಕ್ಕೆ, ಅದೇ ಪುಶ್‌ಗೆ.

ಎರಡನೇ ಜಾಗಕ್ಕೆ ನಾನು ಪಟಾಳಂ ಅಣ್ಣ ಅಂದ್ಕೊಂಡಿದ್ದೆ, 17 ಹೊಡೆದಿದ್ದಾನಲ್ಲ. ಆದರೆ ಸೆಂಟರ್ ಫಾರ್ವರ್ಡ್ ಹೊರಗೆ ಬರೋದು ಓಡೋಕಾಗದೆ. ಓಡೋಕಾಗದೆ ಬಂದವನ ಜಾಗಕ್ಕೆ ಓಡೋಕಾಗದ ಇನ್ನೊಬ್ಬನನ್ನ ಕಳಿಸಿ ಏನು ಮಾಡ್ಲಿ? ಹುಡುಗನನ್ನೇ ಹಾಕಿದೆ. 16 ಗಜದ ಹಿಟ್ ಮುಚ್ಚೋಕೆ ಓಡೋದು, ಕಾರ್ನರ್ ಗಿಟ್ಟಿಸೋದು, ಅಷ್ಟೇ ನಿನ್ನ ಕೆಲಸ, ಪುಶ್ ಹತ್ತಿರ ಹೋದ್ರೆ ಕಾಲು ಮುರೀತೀನಿ ಅಂದೆ. ಹೋದ ವರ್ಷದ ವಿಷಯಕ್ಕೆ ಎಲ್ಲರ ಮುಂದೆ ಸಾರಿ ಕೂಡ ಕೇಳಿದೆ. ಅವನು 'ಬಿಡಿ ಅಂಕಲ್' ಅಂದ. ಅಂಕಲ್ ಅಂದಿದ್ದು ಬೇಜಾರಾಯ್ತು.

ಪಟಾಳಂ ಅಣ್ಣ ನನ್ನ ಪಕ್ಕ ನಿಂತು ಒಂದೇ ಕೆಲಸ ಮಾಡ್ತಾನೆ, ಪುಶ್ ಮಾಡೋರು ಒಬ್ಬರು ಒಳಗಿದ್ದಾರಾ ಅಂತ ಪ್ರತಿ ಬದಲಾವಣೆಗೂ ಕೂಗಿ ಕೇಳೋದು. ಒಪ್ಪಿದ್ದಾನೆ, ಖುಷಿಯಿಂದ ಅಲ್ಲ. ಬೆಂಗಳೂರಿನವನು ಜರ್ಸಿ ಕೊಡ್ತೀನಿ ಅಂದಿದ್ದಾನೆ, ಹಿಂದೆ ಇದ್ದ ಅವನ ಕಂಪನಿ ಹೆಸರು ಈ ಸಲ ಮುಂದಕ್ಕೆ ಬರುತ್ತಂತೆ.

ಇನ್ನು ಉಳಿದದ್ದು ಪಟ್ಟೆದಾರರು, ಅಂದ್ರೆ ಒಕ್ಕದ ಹಿರಿಯರು. ತಂಗಿ, ಹುಡುಗ ಇಬ್ಬರೂ ಮೇಲಿನ ಮನೆಯವರು, ಕೆಳಗಿನ ಮನೆಯಿಂದ ಬೆಂಚಿಗೆ ಒಬ್ಬರೂ ಇಲ್ಲ ಅಂತ ಅವರ ತಕರಾರು. ಸ್ಲೇಟರ್ ಕಥೆ ಹೇಳಿ ನೋಡಿದೆ. 'ಅವನು ಯಾವ ಒಕ್ಕ?' ಅಂದ್ರು. ಭಾನುವಾರ ಪಂದಿಕರಿ, ಕಡುಂಬುಟ್ಟು ಊಟಕ್ಕೆ ಕರೆದಿದ್ದಾರೆ, ಪಟ್ಟಿ ತರೋಕೆ ಹೇಳಿದ್ದಾರೆ. ಪೆನ್ಸಿಲ್‌ನಲ್ಲಿ ಬರೆದಿದ್ದನ್ನಂತೆ.