ಟೆಕ್ಕನ್ 7: ಹೊಸಬರು ಯಾವ ಕ್ಯಾರೆಕ್ಟರ್ ಹಿಡಿಯಬೇಕು? ಅನುಭವ ಇದ್ದವರು ಹೇಳಿ

ಕೇಳಿದ್ದು: ಶಿರಸಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ತನ್ನ ಹಳೇ ಪಿಎಸ್4 ತಂದು ನಮ್ಮ ಮನೆಯಲ್ಲಿ ಇಟ್ಟು ಹೋಗಿದ್ದಾನೆ. ಜೊತೆಗೆ ಟೆಕ್ಕನ್ 7 ಎಂಬ ಹೊಡೆದಾಟದ ವಿಡಿಯೋ ಗೇಮಿನ ಡಿಸ್ಕ್ ಇದೆ. ಮಗ ಎಂಟನೇ ಕ್ಲಾಸು. ಶಿರಸಿ ಮಳೆ ಗೊತ್ತಲ್ಲ, ಹೊರಗೆ ಆಡುವ ಹಾಗೇ ಇಲ್ಲ. ಓದು ಮುಗಿಸಿದ ಮೇಲೆ ನಾನೂ ಅವನೂ ಸ್ವಲ್ಪ ಹೊತ್ತು ಆಡುತ್ತೇವೆ. ಅವನು ಪ್ರತಿ ಸಲ ಬೇರೆ ಕ್ಯಾರೆಕ್ಟರ್ ಆರಿಸುತ್ತಾನೆ, ಯಾವುದೂ ಕೈಗೆ ಹತ್ತುತ್ತಿಲ್ಲ. ಪಕ್ಕದ ಮನೆ ಹುಡುಗ ಬಂದು ಎಡ್ಡಿ ಎಂಬ ಕ್ಯಾರೆಕ್ಟರ್ ಹಿಡಿದು ಇಬ್ಬರನ್ನೂ ಸೋಲಿಸಿ ಹೋಗುತ್ತಾನೆ. ಮಗ ಮುಖ ಊದಿಸಿಕೊಂಡು ಕಂಟ್ರೋಲರ್ ಕೆಳಗಿಡುತ್ತಾನೆ. ಮೂವತ್ತಕ್ಕೂ ಜಾಸ್ತಿ ಜನ ಇದ್ದಾರಲ್ಲ, ಇವರಲ್ಲಿ ಯಾರಿಂದ ಶುರು ಮಾಡಬೇಕು? ನನಗೂ ಒಬ್ಬರನ್ನು ಹೇಳಿ.

ಕಾರವಾರದಿಂದ

ಅಕ್ಕ, ಪಾಲ್ ಫೀನಿಕ್ಸ್. ಬೇರೆ ಯೋಚನೆಯೇ ಬೇಡ. ಕೂದಲು ನೆಟ್ಟಗೆ ಮೇಲಕ್ಕೆ ನಿಂತಿರುತ್ತದಲ್ಲ, ಅವನೇ.

ನಾವು ಕಲಿತದ್ದು ಕಾರವಾರದ ಒಂದು ಗೇಮ್ ಅಂಗಡಿಯಲ್ಲಿ. ಆಗ ಟೆಕ್ಕನ್ 3 ನಡೆಯುತ್ತಿತ್ತು. ಗಂಟೆ ಲೆಕ್ಕದಲ್ಲಿ ದುಡ್ಡು. ಗೆದ್ದವನು ಕೂತೇ ಇರುತ್ತಾನೆ, ಸೋತವನು ಎದ್ದು ಸಾಲಿನ ಹಿಂದೆ ಹೋಗಬೇಕು. ಜೂನ್, ಜುಲೈ ಬಂತೆಂದರೆ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಟ್ರಾಲರ್‌ಗಳು ಕಡಲಿಗೆ ಇಳಿಯದ ತಿಂಗಳು, ಬೋಟಿಗೆ ಹೋಗುವ ಹುಡುಗರೆಲ್ಲ ಅಲ್ಲೇ. ಅವರ ಮುಂದೆ ನಮ್ಮಂಥ ಶಾಲೆ ಹುಡುಗರು ಕೂರಲು ಜಾಗ ಸಿಕ್ಕಿದ್ದೇ ಪಾಲ್‌ನಿಂದ.

ಅವನದ್ದು ಒಂದು ಗುದ್ದು ಇದೆ. ಮೂವ್ ಲಿಸ್ಟಿನಲ್ಲಿ, ಅಂದರೆ ಆಟದೊಳಗಿನ ಹೊಡೆತಗಳ ಪಟ್ಟಿಯಲ್ಲಿ, ಫೀನಿಕ್ಸ್ ಸ್ಮ್ಯಾಶರ್ ಎಂದು ಬರೆದಿರುತ್ತದೆ, ಆಡುವವರೆಲ್ಲ ಡೆತ್ ಫಿಸ್ಟ್ ಎನ್ನುತ್ತಾರೆ. ಕೆಳಗೆ, ಓರೆ, ಮುಂದೆ ಎಂದು ಬೆರಳು ಜಾರಿಸಿ ಟ್ರಯಾಂಗಲ್ ಒತ್ತಿ. ಮುಂದೆ ಎಂದರೆ ಎದುರಾಳಿ ಇರುವ ಕಡೆ. ಸರಿಯಾಗಿ ತಾಗಿದರೆ ಎದುರಿನವನ ಲೈಫ್ ಬಾರ್ ಒಮ್ಮೆಲೇ ಎಷ್ಟು ಇಳಿಯುತ್ತದೆ ಎಂದು ಮಗನೇ ನೋಡಲಿ. ಆದರೆ ಅದನ್ನೇ ಸುಮ್ಮಸುಮ್ಮನೆ ಒತ್ತುತ್ತಾ ಕೂರಬಾರದು. ಎದುರಿನವನು ತಡೆದುಬಿಟ್ಟರೆ ಪಾಲ್ ಒಂದು ಕ್ಷಣ ಹಾಗೇ ಸಿಕ್ಕಿಬೀಳುತ್ತಾನೆ. ಎದುರಿನವನ ಹೊಡೆತ ಗಾಳಿಗೆ ಹೋದಾಗ ಬಿಡಬೇಕು. ಯಾವಾಗ ಹೊಡೆಯಬೇಕು, ಯಾವಾಗ ಕಾಯಬೇಕು ಎನ್ನುವುದು ಈ ಒಂದು ಗುದ್ದಿನಿಂದಲೇ ಬರುತ್ತದೆ. ಅದಕ್ಕೇ ನಾನು ಹೊಸಬರಿಗೆಲ್ಲ ಪಾಲ್ ಹೇಳುವುದು.

ಇನ್ನೊಂದು. ಪಾಲ್ 1994ರ ಮೊದಲ ಟೆಕ್ಕನ್‌ನಿಂದಲೂ ಇದ್ದಾನೆ, ಯಾವ ಮುಖ್ಯ ಆಟದಲ್ಲೂ ತಪ್ಪಿಲ್ಲ. ಇವತ್ತು ಕಲಿತದ್ದು ನಾಳೆ ಟೆಕ್ಕನ್ 8 ತಂದರೂ ಉಪಯೋಗಕ್ಕೆ ಬರುತ್ತದೆ.

ಯಲ್ಲಾಪುರದಿಂದ

ಪಕ್ಕದ ಮನೆ ಹುಡುಗನ ಎಡ್ಡಿ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ನಾನು ಎಡ್ಡಿ ಗೋರ್ಡೋ ಬಿಟ್ಟು ಬೇರೆಯವರನ್ನು ಆಡುವುದು ಕಡಿಮೆ.

ಎಡ್ಡಿ ಎಂದರೆ ಎರಡು ಒದೆಯುವ ಬಟನ್ ಒತ್ತುತ್ತಾ ಇದ್ದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಹೊಸಬರ ಎದುರು ಅದು ನಿಜವೂ ಹೌದು. ಕೈ ನೆಲಕ್ಕೆ ಊರಿ ಕಾಲು ತಿರುಗಿಸುತ್ತಾ ಬರುತ್ತಾನೆ, ಒಂದು ಒದೆತ ತಲೆಗೆ, ಒಂದು ಕಾಲಿಗೆ. ಎಲ್ಲಿ ತಡೆಯಬೇಕೆಂದು ಗೊತ್ತಾಗುವಷ್ಟರಲ್ಲಿ ರೌಂಡ್ ಮುಗಿದಿರುತ್ತದೆ. ಆದರೆ ಅವನನ್ನು ನಿಲ್ಲಿಸಬಹುದು. ಅವನು ನೆಲಕ್ಕೆ ಒರಗಿದಾಗ ತಲೆ ಮಟ್ಟದ ಹೊಡೆತ ಅವನ ಮೇಲಿಂದ ಹಾರಿಹೋಗುತ್ತದೆ. ಆಗ ಮಿಡ್ ಹೊಡೆತವೇ ಬೇಕು, ಅಂದರೆ ಹೊಟ್ಟೆ ಮಟ್ಟದ್ದು. ಯಾವುದು ಮಿಡ್ ಎಂದು ಮೂವ್ ಲಿಸ್ಟಿನಲ್ಲೇ ಇರುತ್ತದೆ. ಕಾಲಿಗೆ ಹೊಡೆಯಲು ಬಂದಾಗ ಹಿಂದೆ ಮತ್ತು ಕೆಳಗೆ ಒಟ್ಟಿಗೆ ಹಿಡಿದು ಬಗ್ಗಿ ತಡೆಯಿರಿ, ಏಳುತ್ತಾ ಒಂದು ಹೊಡೆಯಿರಿ. ಹುಡುಗ ಬಟನ್ ಬಡಿಯುವವನೇ ಆದರೆ ಇಷ್ಟಕ್ಕೇ ಗಾಬರಿಯಾಗುತ್ತಾನೆ.

ನನಗೆ ಎಡ್ಡಿ ಯಾಕೆ ಇಷ್ಟ ಎಂದೂ ಹೇಳಬೇಕು. ನಾವು ಸಿದ್ದಿಗಳು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಹಿಡಿದು ತಂದ ನಮ್ಮ ಹಿರಿಯರು ತಪ್ಪಿಸಿಕೊಂಡು ಈ ಕಾಡಿಗೆ ಬಂದವರು. ಅದೇ ಪೋರ್ಚುಗೀಸರು ಬ್ರೆಜಿಲ್‌ಗೂ ಆಫ್ರಿಕಾದವರನ್ನು ಹೊತ್ತೊಯ್ದರು. ಎಡ್ಡಿ ಆಡುವ ಕಾಪೊಯೆರಾ ಹುಟ್ಟಿದ್ದು ಅವರ ನಡುವೆ. ವಾದ್ಯ ಬಾರಿಸುತ್ತಾ, ಹಾಡುತ್ತಾ, ಸುತ್ತ ನಿಂತು ನಡುವೆ ಇಬ್ಬರು ಆಡುವ ಹೋರಾಟ. ನಮ್ಮ ಡಮಾಮಿ ಕುಣಿತ ನೋಡಿ ಬೆಳೆದ ನನಗೆ ಪರದೆಯ ಮೇಲೆ ಅವನ ಕಾಲು ತಿರುಗುವುದನ್ನು ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತ್ತು. ಆಟದ ಕಥೆಯಲ್ಲೂ ಅವನದ್ದು ಸುಖದ ಬಾಳಲ್ಲ. ಅಪ್ಪನ ಕೊಲೆಯ ಆರೋಪ ತನ್ನ ಮೇಲೆ ಹೊತ್ತು ಜೈಲಿಗೆ ಹೋಗುತ್ತಾನೆ, ಅಲ್ಲಿ ಒಬ್ಬ ಮುದುಕ ಅವನಿಗೆ ಕಾಪೊಯೆರಾ ಕಲಿಸುತ್ತಾನೆ. ಸುಮ್ನೆ ಬಟನ್ ಬಡಿಯುವವರ ಕ್ಯಾರೆಕ್ಟರ್ ಎಂದು ಅವನನ್ನು ತಳ್ಳಿಹಾಕಬೇಡಿ. ಪಕ್ಕದ ಮನೆ ಹುಡುಗನಿಗೂ ಈ ಕಥೆ ಹೇಳಿ, ಅವನು ಇನ್ನೂ ಚೆನ್ನಾಗಿ ಕಲಿಯಬಹುದು.

ಕುಮಟಾದಿಂದ

ಅಕ್ಕನಿಗೆ ಆಸುಕಾ. ಒಸಾಕಾದ ಹುಡುಗಿ, ಕಥೆಯಲ್ಲಿ ಜಿನ್ ಎಂಬ ಇನ್ನೊಬ್ಬ ಕ್ಯಾರೆಕ್ಟರ್‌ನ ಬಂಧು. ಎದುರಿನವರು ಹೊಡೆಯಲು ಬಂದಾಗ ಹಿಂದೆ ಒತ್ತಿಕೊಂಡು ಸ್ಕ್ವೇರ್, ಎಕ್ಸ್ ಒಟ್ಟಿಗೆ ಒತ್ತಿದರೆ ಆ ಹೊಡೆತವನ್ನೇ ಹಿಡಿದು ತಿರುಗಿಸುತ್ತಾಳೆ. ಬಟನ್ ಬಡಿಯುವವರ ಎದುರು ಇದು ಒಳ್ಳೇ ಉಪಾಯ. ಕ್ಯಾಟರೀನಾ, ಕ್ಲಾಡಿಯೋ ಕೂಡ ಸುಲಭ, ಇಬ್ಬರೂ ಟೆಕ್ಕನ್ 7ರಲ್ಲೇ ಹೊಸದಾಗಿ ಬಂದವರು. ಲಾ ಕೂಡ ಪರವಾಗಿಲ್ಲ, ಬ್ರೂಸ್ ಲೀ ನೋಡಿದ ಹುಡುಗರಿಗೆ ಬೇಗ ಇಷ್ಟವಾಗುತ್ತಾನೆ. ಸ್ಟೀವ್ ಫಾಕ್ಸ್ ಮಾತ್ರ ಸದ್ಯಕ್ಕೆ ಬೇಡ. ಬಾಕ್ಸರ್ ಅವನು, ಒದೆಯುವ ಬಟನ್ ಒತ್ತಿದರೆ ಒದೆಯುವುದಿಲ್ಲ, ತಪ್ಪಿಸಿಕೊಳ್ಳುತ್ತಾನೆ. ಹೊಸಬರಿಗೆ ತಲೆ ಕೆಡುತ್ತದೆ.

ಮಗನಿಗೆ ಆರಿಸಲು ಆಗದಿದ್ದರೆ ಒಂದು ಕೆಲಸ ಮಾಡಿ. ಎಲ್ಲರೂ ಮ್ಯಾಚಿಗೆ ಮುಂಚೆ ಬಂದು ನಿಲ್ಲುವುದನ್ನು ನೋಡಲಿ. ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬರುವ ರೀತಿಯಲ್ಲೇ ಅದರ ಸ್ವಭಾವ ತಿಳಿಯುತ್ತದಲ್ಲ, ಇಲ್ಲೂ ಹಾಗೇ. ಯಾರ ಪ್ರವೇಶ ಕಣ್ಣಿಗೆ ಹಿಡಿಸಿತೋ ಅವರನ್ನು ಹಿಡಿಯಲಿ.

ಹಳಿಯಾಳದಿಂದ

ಯಾರೂ ಕಿಂಗ್ ಹೆಸರು ಹೇಳಲಿಲ್ಲವಲ್ಲ! ನಮ್ಮ ಊರು ಕುಸ್ತಿಯ ಊರು, ನಾನೇ ಹೇಳಬೇಕು.

ಕಿಂಗ್ ಎಂದರೆ ಚಿರತೆಯಂಥ ಜಾಗ್ವಾರ್ ಮುಖವಾಡದ ಪೈಲ್ವಾನ್. ಮೆಕ್ಸಿಕೋದವನು. ಅಲ್ಲಿ ಮುಖವಾಡ ಹಾಕಿ ಕುಸ್ತಿ ಆಡುವ ಪದ್ಧತಿಯೇ ಇದೆ. ನಿಜವಾಗಿಯೂ ಅಲ್ಲಿ ಫ್ರಾಯ್ ಟೊರ್ಮೆಂಟಾ ಎಂಬ ಹೆಸರಿನಲ್ಲಿ ಆಡಿದ ಒಬ್ಬ ಪಾದ್ರಿ ಇದ್ದರು. ಅನಾಥ ಮಕ್ಕಳನ್ನು ಸಾಕಲು ದುಡ್ಡು ಬೇಕೆಂದು ಮುಖವಾಡ ಹಾಕಿ ಅಖಾಡಕ್ಕೆ ಇಳಿದವರು. ಕಿಂಗ್‌ನ ಕಥೆಯೂ ಅದೇ ದಾರಿಯದ್ದು. ಮೊದಲ ಎರಡು ಆಟದ ಕಿಂಗ್ ಅನಾಥಾಲಯಕ್ಕಾಗಿ ಕುಸ್ತಿ ಆಡುತ್ತಾನೆ. ಅವನು ಸತ್ತ ಮೇಲೆ ಅದೇ ಅನಾಥಾಲಯದಲ್ಲಿ ಬೆಳೆದ ಹುಡುಗ ಆ ಮುಖವಾಡ ಹಾಕಿಕೊಳ್ಳುತ್ತಾನೆ. ಟೆಕ್ಕನ್ 3ರಿಂದ ನಾವು ಆಡುತ್ತಿರುವುದು ಈ ಎರಡನೇ ಕಿಂಗ್‌ನನ್ನು. ಈ ಆಟದ ಎಷ್ಟೋ ಕಥೆಗಳು ಸೇಡಿನವು. ಇವನದ್ದು ಒಪ್ಪಿಕೊಂಡ ಹೊಣೆಯ ಕಥೆ, ನನಗೆ ಅದಕ್ಕೇ ಪ್ರೀತಿ.

ಈಗ ಆಟಕ್ಕೆ ಬರೋಣ. ಟೆಕ್ಕನ್‌ನಲ್ಲಿ ನಿಂತವರನ್ನು ಹಿಡಿದು ಎತ್ತಿ ಹಾಕುವ ಪಟ್ಟುಗಳಿಗೆ ಗಾರ್ಡ್, ಅಂದರೆ ಹೊಡೆತ ತಡೆಯುವುದು, ಸಾಲದು. ಬಗ್ಗಿದರೆ ಆ ಹಿಡಿತ ತಪ್ಪುತ್ತದೆ. ಆದರೆ ಬಗ್ಗಿದವನಿಗೆ ಮಿಡ್ ಹೊಡೆತ ತಾಗುತ್ತದೆ. ಕಿಂಗ್ ಎದುರು ಬಂದು ನಿಂತನೆಂದರೆ ಪ್ರತಿ ಕ್ಷಣ ಇದೇ ಪ್ರಶ್ನೆ: ಹಿಡಿಯುತ್ತಾನೋ, ಹೊಡೆಯುತ್ತಾನೋ? ಗರಡಿಯಲ್ಲಿ ಇಬ್ಬರು ಕೈಗೆ ಕೈ ಕೊಟ್ಟು ನಿಂತಾಗ ಒಬ್ಬರ ಮನಸ್ಸು ಇನ್ನೊಬ್ಬರು ಓದುತ್ತಾರಲ್ಲ, ಆ ಸುಖ ನನಗೆ ಬೇರೆ ಯಾವ ಕ್ಯಾರೆಕ್ಟರ್‌ನಲ್ಲೂ ಸಿಕ್ಕಿಲ್ಲ.

ಅವನ ಹೆಸರಾಂತ ಪಟ್ಟು ಜೈಂಟ್ ಸ್ವಿಂಗ್. ಎರಡೂ ಕಾಲು ಹಿಡಿದು ಗರಗರ ತಿರುಗಿಸಿ ಎಸೆಯುತ್ತಾನೆ. ಒಮ್ಮೆ ಮುಂದೆ, ಆಮೇಲೆ ಹಿಂದಿನಿಂದ ಕೆಳಗಾಗಿ ಮುಂದಕ್ಕೆ ಅರ್ಧ ಸುತ್ತು, ಕೊನೆಗೆ ಸ್ಕ್ವೇರ್. ಬೆರಳಿಗೆ ಕೂರುವ ತನಕ ಬರುವುದಿಲ್ಲ, ಕೂತ ಮೇಲೆ ಮರೆಯುವುದಿಲ್ಲ.

ಕಿಂಗ್ ಆಡದಿದ್ದರೂ ಹಿಡಿತ ಬಿಡಿಸಿಕೊಳ್ಳುವುದನ್ನು ಎಲ್ಲರೂ ಕಲಿಯಲೇಬೇಕು. ಅಕ್ಕ, ನೀವೂ ಮಗನೂ ಹೀಗೆ ಮಾಡಿ. ನೀವು ಕಿಂಗ್ ತಗೊಳ್ಳಿ. ಹತ್ತಿರ ಹೋಗಿ ಮನಸ್ಸಿಗೆ ಬಂದ ಹಾಗೆ ಸ್ಕ್ವೇರ್, ಎಕ್ಸ್ ಒಟ್ಟಿಗೆ ಒತ್ತಿ, ಇಲ್ಲವೇ ಟ್ರಯಾಂಗಲ್, ಸರ್ಕಲ್ ಒಟ್ಟಿಗೆ. ಮೊದಲನೆಯದು ಎಡಗೈ ಹಿಡಿತ, ಎರಡನೆಯದು ಬಲಗೈ. ಮಗ ಕಿಂಗ್‌ನ ಕೈಯನ್ನೇ ನೋಡುತ್ತಿರಬೇಕು. ಎಡಗೈ ಮುಂದೆ ಬಂದರೆ ಸ್ಕ್ವೇರ್, ಬಲಗೈ ಬಂದರೆ ಟ್ರಯಾಂಗಲ್. ಕಿಂಗ್‌ನ ಕೆಲವು ದೊಡ್ಡ ಪಟ್ಟುಗಳಲ್ಲಿ ಎರಡೂ ಕೈ ಒಟ್ಟಿಗೆ ಚಾಚುತ್ತವೆ, ಆಗ ಎರಡೂ ಬಟನ್ ಒತ್ತಬೇಕು. ಸಿಗುವ ಸಮಯ ತುಂಬಾ ಕಡಿಮೆ, ಮೊದಮೊದಲು ಕಣ್ಣಿಗೆ ಕಂಡರೂ ಬೆರಳು ಹೋಗುವುದಿಲ್ಲ. ಬೇಜಾರಿಲ್ಲದೆ ಮಾಡುತ್ತಿದ್ದರೆ ಬರುತ್ತದೆ. ಪಕ್ಕದ ಮನೆ ಹುಡುಗ ಎಷ್ಟೇ ಎಡ್ಡಿ ಆಡಲಿ, ಹಿಡಿತ ಬಿಡಿಸಲು ಅವನಿಗೆ ಗೊತ್ತಿರಲಿಕ್ಕಿಲ್ಲ. ಒಮ್ಮೆ ಹಿಡಿದು ನೋಡಿ.

ಅಂಕೋಲಾದಿಂದ

ಎಲ್ಲರೂ ಸುಲಭ ಯಾರು ಎಂದು ಲೆಕ್ಕ ಹಾಕುತ್ತಿದ್ದೀರಿ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಹುಡುಗನಿಗೆ ಯಾರ ಮೇಲೆ ಮನಸ್ಸಿದೆ ಎಂದು ಮೊದಲು ಕೇಳಿ. ಸೋತರೂ ಮತ್ತೆ ಆಡಬೇಕು ಅನ್ನಿಸುವುದು ಇಷ್ಟದ ಕ್ಯಾರೆಕ್ಟರ್ ಇದ್ದಾಗ ಮಾತ್ರ.

ನನ್ನನ್ನು ಹಿಡಿದಿಟ್ಟದ್ದು ಮಿಶಿಮಾ ಮನೆತನದ ಕಥೆ. ಅಪ್ಪ ಹೈಹಾಚಿ ಐದು ವರ್ಷದ ಮಗ ಕಜೂಯಾನನ್ನು ಕಮರಿಗೆ ಎಸೆಯುತ್ತಾನೆ. ಮಗ ಬದುಕಿ ಹತ್ತಿ ಬರುತ್ತಾನೆ. ಮೊದಲ ಆಟದ ಕೊನೆಗೆ ಅಪ್ಪನನ್ನು ಅದೇ ಕಮರಿಗೆ ಎಸೆಯುತ್ತಾನೆ. ಎರಡನೇ ಆಟದಲ್ಲಿ ಅಪ್ಪ ಗೆದ್ದು ಮಗನನ್ನು ಜ್ವಾಲಾಮುಖಿಗೆ ಹಾಕುತ್ತಾನೆ. ಮೂರರಲ್ಲಿ ಮೊಮ್ಮಗ ಜಿನ್ ಬರುತ್ತಾನೆ, ಅವನಿಗೂ ಅಜ್ಜನಿಂದ ಗುಂಡೇಟು. ನಿಮ್ಮ ಹತ್ತಿರ ಇರುವ ಏಳನೇ ಆಟದಲ್ಲಿ ಅಪ್ಪ ಮಗನ ಲೆಕ್ಕ ಜ್ವಾಲಾಮುಖಿಯ ಬಾಯಲ್ಲೇ ಚುಕ್ತಾ ಆಗುತ್ತದೆ. ಸ್ಟೋರಿ ಮೋಡ್‌ನಲ್ಲಿ ಇಬ್ಬರೂ ಕೂತು ಆಡಿ, ಮುಂಚೆಯೇ ಎಲ್ಲ ಹೇಳಿ ರುಚಿ ಕೆಡಿಸುವುದಿಲ್ಲ. ಹೊಡೆದಾಟ ಜೋರಾಗಿದೆ. ಅಮೆರಿಕದಲ್ಲಿ ಇದಕ್ಕೆ ಕೊಟ್ಟಿರುವುದು ಟೀನ್ ರೇಟಿಂಗ್, ಅಂದರೆ 13 ವರ್ಷ ಮೇಲ್ಪಟ್ಟವರಿಗೆ. ಅಮ್ಮ ಪಕ್ಕದಲ್ಲೇ ಇದ್ದರೆ ಒಳ್ಳೆಯದು.

ಕಜೂಯಾ ಕಷ್ಟ, ಒಪ್ಪುತ್ತೇನೆ. ಅವನ ಎಲೆಕ್ಟ್ರಿಕ್ ಹೊಡೆತಕ್ಕೆ ಮುಂದೆ ಒತ್ತಿ ಬಿಟ್ಟು, ಕೆಳಗೆ, ಆಮೇಲೆ ಓರೆ ಮತ್ತು ಟ್ರಯಾಂಗಲ್ ಎರಡೂ ಒಂದೇ ಫ್ರೇಮಿನಲ್ಲಿ ಬೀಳಬೇಕು. ಒಂದು ಫ್ರೇಮ್ ಎಂದರೆ ಸೆಕೆಂಡಿನ 60ನೇ ಒಂದು ಭಾಗ. ಸರಿಯಾಗಿ ಬಂದಾಗ ಕೈಯಲ್ಲಿ ಮಿಂಚು ಹೊಡೆದು ಒಂದು ಸದ್ದು ಬರುತ್ತದೆ, ಆ ಸದ್ದಿಗಾಗಿಯೇ ನಾನು ಕೂತು ಅಭ್ಯಾಸ ಮಾಡುತ್ತಿದ್ದೆ. ಮಿಂಚು ಬರದಿದ್ದರೂ ಹೊಡೆತ ಹೊಡೆತವೇ, ಎದುರಿನವನು ತಡೆದರೆ ಮಾತ್ರ ನಾವೇ ಸಿಕ್ಕಿಬೀಳುತ್ತೇವೆ.

ಸುಲಭವೇ ಬೇಕೆಂದರೆ ಕಜೂಯಾನ ಅಮ್ಮ ಕಜೂಮಿ ನೋಡಿ. ನೇರ ಆಟ, ಜೊತೆಗೆ ಹುಲಿ ಬಂದು ಎರಗುತ್ತದೆ. 2019ರಲ್ಲಿ ಲಾಹೋರಿನ ಅರ್ಸ್ಲಾನ್ ಆಶ್ ಎವೊ ಎಂಬ ದೊಡ್ಡ ಫೈಟಿಂಗ್ ಗೇಮ್ ಪಂದ್ಯಾವಳಿಯನ್ನು ಜಪಾನಿನಲ್ಲಿ ಗೆದ್ದ, ಅದೇ ವರ್ಷ ಅಮೆರಿಕದ ಎವೊ ಕೂಡ ಗೆದ್ದ. ಜಗತ್ತಿಗೆ ಅವನ ಹೆಸರು ಗೊತ್ತಾಗಿದ್ದು ಕಜೂಮಿಯಿಂದ. ಅವನೂ ಊರಿನ ಗೇಮ್ ಅಂಗಡಿಗಳಲ್ಲೇ ಆಡಿ ಬೆಳೆದವನು. ನಮ್ಮಂಥ ಊರಿನ ಹುಡುಗರಿಗೆ ಇದು ಗೊತ್ತಿರಬೇಕು.

ಕಾರವಾರದಿಂದ, ಮತ್ತೆ

ಮಳೆಗಾಲಕ್ಕೆ ಒಂದು ಮಾತು. ಆಡಿ ಮುಗಿದ ಮೇಲೆ ಕಂಟ್ರೋಲರ್ ಒರೆಸಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ. ಹೊಸ ಚಪ್ಪಲಿ, ಬ್ಯಾಗ್ ಜೊತೆ ಬರುವ ಸಿಲಿಕಾ ಪೊಟ್ಟಣ ಇದ್ದರೆ ಅದನ್ನೂ ಒಳಗೆ ಹಾಕಿ. ನಮ್ಮ ಕಡಲ ಗಾಳಿಯಲ್ಲಿ ಬಟನ್ ಬೇಗ ಅಂಟುತ್ತದೆ, ನಿಮ್ಮಲ್ಲಿ ಉಪ್ಪು ಇಲ್ಲದಿದ್ದರೂ ತೇವ ಇದ್ದೇ ಇದೆ. ಕರೆಂಟ್ ಹೋಗುವ ಸೂಚನೆ ಕಂಡರೆ ಪಿಎಸ್4 ಸರಿಯಾಗಿ ಆಫ್ ಮಾಡಿ.

ಶಿರಸಿಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಮಗನಿಗೆ ಓದಿ ಹೇಳಿದೆ. ಪಾಲ್ ಒಪ್ಪಿದ್ದಾನೆ. ನನಗೆ ಆಸುಕಾ ಎಂದುಕೊಂಡಿದ್ದೆ, ಅವನು ಮಾತ್ರ ನೀನು ಕರಡಿ ತಗೋ ಎಂದು ಹಠ ಹಿಡಿದಿದ್ದಾನೆ. ಕುಮಾ ಆಡಬಹುದಾ?

ಹಳಿಯಾಳದಿಂದ

ಖಂಡಿತ ಆಡಿ ಅಕ್ಕ. ಕುಮಾದ ಮೈ ದೊಡ್ಡದು, ಬೇರೆಯವರಿಗೆ ತಾಗದ ಕೆಲವು ಕಾಂಬೋ, ಅಂದರೆ ಒಂದರ ಹಿಂದೆ ಒಂದು ಬರುವ ಹೊಡೆತಗಳು, ಅದಕ್ಕೆ ತಾಗುತ್ತವೆ, ಅಷ್ಟು ನೆನಪಿರಲಿ. ನಾಲ್ಕು ಕಾಲಿನ ಮೇಲೆ ಇಳಿದು ಆಡುವ ಪಟ್ಟುಗಳನ್ನು ಮೊದಲು ಕಲಿಯಿರಿ. ಪಾಲ್‌ಗೂ ಕುಮಾಗೂ ಮೊದಲ ಆಟದಿಂದಲೇ ಹಗೆ, ಇದಕ್ಕಿಂತ ಒಳ್ಳೇ ಜೋಡಿ ನಿಮಗೆ ಸಿಗದು. ಹಿಡಿತ ಬಿಡಿಸುವ ಅಭ್ಯಾಸಕ್ಕೆ ಮಾತ್ರ ಕಿಂಗ್‌ನನ್ನೇ ತಗೊಳ್ಳಿ, ಕರಡಿಯ ಕೈ ನೋಡಿ ಎಡ ಬಲ ಗುರುತಿಸುವುದು ಹೊಸಬರಿಗೆ ಕಷ್ಟ.