ಅಪ್‌ಡೇಟ್: ಬೋಗಾದಿ ಬಡಾವಣೆ ಹಿಂದಿನ ಅಪಾರ್ಟ್‌ಮೆಂಟ್ ವಿಚಾರ

ನಮ್ಮ ಮನೆಗಳ ಹಿಂದಿನ ತೆಂಗಿನ ತೋಟದಲ್ಲಿ ಅಪಾರ್ಟ್‌ಮೆಂಟ್ ಬರುತ್ತಂತೆ, ಏನು ಮಾಡೋದು ಅಂತ ಕೇಳಿದ್ದೆ. ಮೊದಲು ಗ್ರಾಮನಕಾಶೆ (ಊರಿನ ಜಮೀನು, ಕಾಲುವೆ, ದಾರಿ ತೋರಿಸೋ ಸರ್ಕಾರಿ ನಕ್ಷೆ) ತೆಗೆಸಿ ಅಂದವರಿಗೆ ಕೈಮುಗಿದೆ. ಆ ನಕಾಶೆಗಾಗಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದೆವು. 30 ದಿನದಲ್ಲಿ ಬರಬೇಕಿದ್ದ ಉತ್ತರ ಮೇಲ್ಮನವಿ ಹಾಕಿದ ಮೇಲೆ ಬಂತು. ನಕಾಶೆ ನೋಡಿದರೆ ತೋಟದ ನಡುವೆಯೇ ರಾಜಕಾಲುವೆ (ಮಳೆನೀರು ಹರಿಯೋ ದೊಡ್ಡ ಕಾಲುವೆ) ಇದೆ! ಬಿಲ್ಡರ್ ನಕ್ಷೆಯಲ್ಲಿ ಅಲ್ಲಿ ಪಾರ್ಕಿಂಗ್.

ಸರ್ವೆಯವರು ಅಳೆಯೋಕೆ ಬಂದಾಗ ಪಕ್ಕದ ಮನೆ ಅಜ್ಜಿ ಹುಲ್ಲು ಸರಿಸಿ, ಪಾಚಿಗಟ್ಟಿದ ಹಳೇ ಗಡಿಕಲ್ಲು ತೋರಿಸಿದರು. ಕಣ್ಣು ತುಂಬಿಬಂತು.

ಮನೆ ಕಟ್ಟೋದೇ ಬೇಡ ಅಂತ ನಾವು ಹೇಳ್ತಿಲ್ಲ. ಮಳೆನೀರಿಗೆ ದಾರಿ ಬಿಡಲಿ, ಯುಜಿಡಿ (ಒಳಚರಂಡಿ) ಲೈನ್ ಬೇರೆಯಾಗಿ ಹಾಕಲಿ. ಈಗಲೇ ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕುತ್ತೆ. ಬೀದಿಯವರೆಲ್ಲ ಸಹಿ ಹಾಕಿದ ಆಕ್ಷೇಪಣೆ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಂಡಿದ್ದೀವಿ. ಮಂಜೂರಾತಿ ಸದ್ಯಕ್ಕೆ ನಿಂತಿದೆ.