ರಾತ್ರಿ ಟೈಪಿಂಗ್‌ಗೆ ಸೈಲೆಂಟ್ ಸ್ವಿಚ್: ಬಳಸಿದವರು ಅನುಭವ ಹೇಳಿ

ನಿದ್ದೆಗೇಡಿ:
ನನ್ನದು ಸಣ್ಣ ಸೈಜಿನ (75%) ಅಲ್ಯೂಮಿನಿಯಂ ಮೆಕ್ಯಾನಿಕಲ್ ಕೀಬೋರ್ಡ್, ಹಾಟ್‌ಸ್ವಾಪ್, ಅಂದರೆ ಕೀ ಕೆಳಗಿನ ಸ್ವಿಚ್ಚನ್ನು ಬೆಸುಗೆ ಇಲ್ಲದೆ ಕಿತ್ತು ಬೇರೆ ಹಾಕಬಹುದು, 5 ಪಿನ್ ಸ್ವಿಚ್ ಕೂರುತ್ತದೆ. ಈಗ ಸಾಮಾನ್ಯ ಬ್ರೌನ್ ಸ್ವಿಚ್ ಹಾಕಿದ್ದೇನೆ, ಒತ್ತುವಾಗ ನಡುವೆ ಸಣ್ಣ ಉಬ್ಬು ತಾಗುವಂಥದ್ದು. ಕೆಲಸ ಎಲ್ಲ ರಾತ್ರಿ ಹೊತ್ತು, ಅದೇ ರೂಮಿನಲ್ಲಿ ಇನ್ನೊಬ್ಬರು ಮಲಗಿರುತ್ತಾರೆ. ಸದ್ದು ಕಡಿಮೆ ಆಗಬೇಕು, ಆದರೆ ಬೆರಳಿಗೆ ಉಬ್ಬು ಗೊತ್ತಾಗಬೇಕು. ಉಬ್ಬಿಲ್ಲದೆ ನೇರ ಇಳಿಯುವ ಲೀನಿಯರ್ ನನಗೆ ಒಗ್ಗಲ್ಲ. ಸ್ವಿಚ್ ಬಿಚ್ಚಿ ಗ್ರೀಸ್ ಹಚ್ಚಿ ಲ್ಯೂಬ್ ಮಾಡುತ್ತಾ ಕೂರುವಷ್ಟು ಪುರುಸೊತ್ತೂ ಇಲ್ಲ. ಸೈಲೆಂಟ್ ಟ್ಯಾಕ್ಟೈಲ್, ಅಂದರೆ ಸದ್ದು ಕಡಿಮೆ ಇರುವ ಉಬ್ಬಿನ ಸ್ವಿಚ್ಚುಗಳಲ್ಲಿ, ಬೋಬಾ ಯು4 ತಗೊಳ್ಳಲಾ, ಝೈಲೆಂಟ್ ತಗೊಳ್ಳಲಾ?

ಲೀನಿಯರ್ ಸಾಕು:
ಉಬ್ಬು ಬೇಕು ಅನ್ನುವವರೆಲ್ಲ ಕೊನೆಗೆ ಲೀನಿಯರ್‌ಗೇ ಬರುವುದು. ಸೈಲೆಂಟ್ ಟ್ಯಾಕ್ಟೈಲ್ ಅಂದರೆ ಮೇಲೆ ಉಬ್ಬು, ಕೆಳಗೆ ರಬ್ಬರು, ನಡುವೆ ಬೆರಳಿಗೆ ಏನು ತಾಗುತ್ತಿದೆ ಅಂತಲೇ ತಿಳಿಯಲ್ಲ. ನಾನು ಮೊದಲು ತರಿಸಿದ್ದು ಒಂದು ಟ್ಯಾಕ್ಟೈಲ್ ಸೆಟ್, ಹೆಸರು ಬೇಡ ಬಿಡಿ. 90ರ ಪ್ಯಾಕ್. ಅದರಲ್ಲಿ ಒಂದಷ್ಟು ಒತ್ತಿ ಬಿಟ್ಟರೆ ಅಂಟಂಟಾಗಿ ನಿಧಾನಕ್ಕೆ ಏಳುತ್ತಿದ್ದವು. ವಾಪಸ್ ತಗೊಳ್ಳಿ ಅಂದರೆ, ಸಾಕೆಟ್‌ಗೆ ಹಾಕಿ ತೆಗೆದ ಮೇಲೆ ಅದು ಬಳಸಿದ ಮಾಲು ಅಂದರು. ಹಾಕದೆ ಅಂಟುತ್ತದೋ ಇಲ್ಲವೋ ಹೇಗೆ ನೋಡುವುದು? ಅದಕ್ಕೆ ಉತ್ತರ ಇಲ್ಲ. ಹೋಗುವ ಕೊರಿಯರ್ ಖರ್ಚು ನನ್ನ ಮೇಲೆ, ಬರುವುದೂ ನನ್ನ ಮೇಲೆ, ಕೊನೆಗೆ ಬಂದಿದ್ದು ಅದೇ ಸ್ವಿಚ್ಚುಗಳು, ಡಬ್ಬಿ ಮಾತ್ರ ಬೇರೆ.

ಈಗ ಚೆರ್ರಿ ಎಂಎಕ್ಸ್ ಸೈಲೆಂಟ್ ರೆಡ್. ಒತ್ತಲು 45 ಸೆಂಟಿನ್ಯೂಟನ್ ಬಲ, 1.9 ಮಿ.ಮೀ.ಗೆ ಅಕ್ಷರ ಬೀಳುತ್ತದೆ, ಪೂರ್ತಿ ಇಳಿದರೆ 3.7 ಮಿ.ಮೀ. ಕೆಳಗೂ ಮೇಲೂ ಎರಡೂ ಕಡೆ ಮೆತ್ತೆ ಇದೆ. ಬೆರಳು ಎತ್ತುವಾಗ ಬರುವ ಟಕ್ ಸದ್ದೂ ಹೋಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೇ ಇಡಲ್ಲ. ತಗೊಳ್ಳಿ, ಮಲಗಿದವರು ಮಲಗಿಯೇ ಇರುತ್ತಾರೆ.

ಗ್ರೀಸ್ ಕೈ:
ಪುರುಸೊತ್ತಿಲ್ಲ ಅನ್ನುವವರು ಕಸ್ಟಂ ಬೋರ್ಡಿಗೆ ಬರಲೇಬಾರದು, ಬೇಜಾರಾದರೂ ಪರವಾಗಿಲ್ಲ. ನಾನು ಲ್ಯೂಬ್ ಮಾಡದ ಸ್ವಿಚ್ ಮುಟ್ಟುವುದೇ ಇಲ್ಲ. ಸ್ವಿಚ್ ಬಿಚ್ಚುವ ಓಪನರ್, ಸ್ಟೆಮ್ (ಸ್ವಿಚ್ಚಿನೊಳಗೆ ಮೇಲೆ ಕೆಳಗೆ ಓಡುವ ತುಂಡು) ಹಿಡಿಯುವ ಮೂರು ಕಾಲಿನ ಕಡ್ಡಿ, 00 ನಂಬರಿನ ಬ್ರಷ್, ಇಡಲಿಕ್ಕೆ ಹಲಗೆ, 205ಜಿ0 ಗ್ರೀಸ್ ಒಂದು ಡಬ್ಬಿ, ಸ್ಪ್ರಿಂಗಿಗೆ 105 ಎಣ್ಣೆ, ಟ್ಯಾಕ್ಟೈಲ್‌ಗೆ ಅಂತ ಬೇರೆ 3203 ಗ್ರೀಸ್. ಇಷ್ಟೂ ಸೇರಿ ಸ್ವಿಚ್ಚಿಗಿಂತ ಜಾಸ್ತಿ ಆಯಿತು. ಆಗಲಿ. ಸ್ಪ್ರಿಂಗ್ ಎಲ್ಲ ಒಂದು ಜಿಪ್ ಕವರಿಗೆ ಹಾಕಿ, ನಾಲ್ಕೈದು ಹನಿ 105 ಬಿಟ್ಟು, ಗಾಳಿ ತುಂಬಿ ಕುಲುಕುವುದು. ಸ್ಟೆಮ್ಮಿನ ಪಕ್ಕದ ಜಾರುಗಳಿಗೆ ತೆಳ್ಳಗೆ ಒಂದು ಕೈ. ಬ್ರಷ್ಷಿನಲ್ಲಿ ಗ್ರೀಸ್ ಕಾಣಿಸಿದರೆ ಅದೇ ಜಾಸ್ತಿ ಅಂತ ಲೆಕ್ಕ. ಟ್ಯಾಕ್ಟೈಲ್ ಆದರೆ ಸ್ಟೆಮ್ಮಿನ ಕಾಲುಗಳನ್ನು ಮುಟ್ಟಬಾರದು, ಮುಟ್ಟಿದರೆ ಉಬ್ಬು ಸತ್ತಿತು. ಸದ್ದು ತಡೆಯುವ ಮೆತ್ತೆ, ಅಂದರೆ ಡ್ಯಾಂಪರಿನ ಮೇಲೂ ಹಚ್ಚಬಾರದು, ಏಳುವಾಗ ಚಪ್ ಅನ್ನುತ್ತದೆ.

ಅಂಟಂಟು ಅನ್ನುವವರು ಸ್ವಿಚ್ ಬಿಚ್ಚಿಯೇ ನೋಡಿರಲ್ಲ.

ಲೀನಿಯರ್ ಸಾಕು:
ಬಿಚ್ಚಿ ನೋಡಿದ್ದೇನೆ ಸ್ವಾಮಿ. ಹೊಸ ಸ್ವಿಚ್ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಸರಿಮಾಡಿಕೊಳ್ಳಬೇಕು ಅಂದರೆ ಮಾರುವವರು ಮಾಡುವ ಕೆಲಸ ಏನು?

ಸ್ಪೇಸ್‌ಬಾರ್ ಸಂಕಟ:
ಸ್ವಿಚ್ ಬಗ್ಗೆ ಇಷ್ಟು ಬಡಿದಾಡುತ್ತೀರಲ್ಲ, ಉದ್ದ ಕೀಗಳು ಓರೆಯಾಗದ ಹಾಗೆ ಹಿಡಿಯುವ ತಂತಿ, ಅಂದರೆ ಸ್ಟ್ಯಾಬಿಲೈಸರ್ ಬಗ್ಗೆ ಒಬ್ಬರಾದರೂ ಬಾಯಿ ಬಿಟ್ಟಿರಾ? ನಾನು ಝೈಲೆಂಟ್ 67 ಗ್ರಾಂ (ಒತ್ತುವ ಬಲ) ಹಾಕಿಸಿಕೊಂಡೆ. ಅದರ ದುಡ್ಡಿಗೆ ಸ್ವಿಚ್ ಸಮೇತ ಇನ್ನೊಂದು ಇಡೀ ಕೀಬೋರ್ಡ್ ಬರುತ್ತಿತ್ತು, ಅದು ಗೊತ್ತಿದ್ದೇ ತಗೊಂಡಿದ್ದು, ಆ ಬಗ್ಗೆ ಯಾರೂ ಪಾಠ ಹೇಳಬೇಡಿ. ಅಕ್ಷರದ ಕೀಗಳು ಒಂದೂ ಉಸಿರೆತ್ತಲ್ಲ. ಸ್ಪೇಸ್‌ಬಾರ್ ಮಾತ್ರ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಮೊದಲೂ ಅಷ್ಟೇ ಸದ್ದು ಇತ್ತು, ಸ್ವಿಚ್ಚಿನ ಗಲಾಟೆಯಲ್ಲಿ ಕೇಳಿಸುತ್ತಿರಲಿಲ್ಲ, ಅಷ್ಟೇ. ಎಂಟರ್, ಬ್ಯಾಕ್‌ಸ್ಪೇಸ್, ಎಡಗಡೆ ಶಿಫ್ಟ್, ಎಲ್ಲ ಅದೇ ಕಥೆ.

ಆಮೇಲೆ ಶುರುವಾಯಿತು ನೋಡಿ. ನನ್ನದು ಪಿಸಿಬಿಗೆ (ಸರ್ಕ್ಯೂಟ್ ಬೋರ್ಡಿಗೆ) ಸ್ಕ್ರೂ ಹಾಕುವ ಸ್ಟ್ಯಾಬ್. ಅದನ್ನು ತೆಗೆಯಬೇಕಾದರೆ ಸ್ವಿಚ್ಚುಗಳನ್ನು ಹಿಡಿದಿರುವ ಪ್ಲೇಟ್ ಎತ್ತಬೇಕು, ಪ್ಲೇಟ್ ಎತ್ತಬೇಕಾದರೆ ಒಂದೊಂದು ಸ್ವಿಚ್ಚನ್ನೂ ಕೀಳಬೇಕು. ಕಿತ್ತೆ. ತಂತಿ ತೆಗೆದು ಕನ್ನಡಿ ಮೇಲೆ ಇಟ್ಟರೆ ಒಂದು ತುದಿ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಬಗ್ಗಿಸಿ ಸಮ ಮಾಡಿದೆ, ತಂತಿಯ ತುದಿಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಮೆತ್ತಿದೆ, ಸ್ಟ್ಯಾಬಿನ ಸ್ಟೆಮ್ಮಿನ ಒಳಗೆ ಬ್ಯಾಂಡೇಜ್ ಪಟ್ಟಿ ಕತ್ತರಿಸಿ ಚಿಮಟದಲ್ಲಿ ತೂರಿಸಿದೆ. ಆ ಪಟ್ಟಿ ಒಂದು ಎಳೆ ದಪ್ಪ ಆದರೂ ಸ್ಪೇಸ್‌ಬಾರ್ ಏಳಲ್ಲ. ಮತ್ತೆ ಎಲ್ಲ ಸ್ವಿಚ್ ವಾಪಸ್. ಹಾಕುವಾಗ ಎರಡು ಪಿನ್ ಬಗ್ಗಿದವು, ಒಂದು ನೆಟ್ಟಗಾಯಿತು, ಒಂದು ಮುರಿಯಿತು. ಈಗ ಸದ್ದಿಲ್ಲ. ಈ ಕೆಲಸವನ್ನು ಯಾವ ಸ್ವಿಚ್ಚೂ ಮಾಡಿಕೊಡಲ್ಲ.

ಟೋಪ್ರೆ ತಾತ:
ಹ್ಯಾಪಿ ಹ್ಯಾಕಿಂಗ್ ಟೈಪ್-ಎಸ್, ಟೋಪ್ರೆ ಸ್ವಿಚ್ಚಿನ ರೆಡಿಮೇಡ್ ಸೈಲೆಂಟ್ ಕೀಬೋರ್ಡ್. ಡಬ್ಬಿಯಿಂದ ತೆಗೆದೆ, ಸಿಕ್ಕಿಸಿದೆ, ಟೈಪ್ ಮಾಡಿದೆ. ಬ್ರಷ್ ಇಲ್ಲ, ಚಿಮಟ ಇಲ್ಲ, ಬ್ಯಾಂಡೇಜ್ ಇಲ್ಲ.

ಗ್ರೀಸ್ ಕೈ:
ಹಾಟ್‌ಸ್ವಾಪ್ ಬೋರ್ಡ್ ಇಟ್ಟುಕೊಂಡು ಸ್ವಿಚ್ ಕೇಳಿದವರಿಗೆ ಬೇರೆ ಕೀಬೋರ್ಡೇ ತಗೊಳ್ಳಿ ಅಂತೀರಲ್ಲ ತಾತ. ಒಳಗಿರುವುದು ರಬ್ಬರ್ ಗುಬುಟು. ಅದು ಮೆಕ್ಯಾನಿಕಲ್ಲೇ ಅಲ್ಲ.

ಟೋಪ್ರೆ ತಾತ:
ರಬ್ಬರಿನ ಕೆಳಗೆ ಸ್ಪ್ರಿಂಗ್ ಇದೆ, ಅಕ್ಷರ ಬೀಳುವುದು ಕೆಪಾಸಿಟೆನ್ಸ್ ಅಳೆದು. ಲೋಹಕ್ಕೆ ಲೋಹ ತಾಗುವುದೇ ಇಲ್ಲ, ಹಾಗಾಗಿ ನಿಮ್ಮ ಗ್ರೀಸ್ ಹೋಗಿ ಕೂರಲಿಕ್ಕೆ ಕಾಂಟ್ಯಾಕ್ಟೂ ಇಲ್ಲ. ಮೆಕ್ಯಾನಿಕಲ್ ಅನ್ನಿ, ಬಿಡಿ. ನನ್ನ ರೂಮಿನಲ್ಲಿ ಯಾರೂ ಎದ್ದಿಲ್ಲ.

ಬೆಸುಗೆ ವೀರ:
ಯು4 ತಗೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಯು4 ಬೇರೆ, ಯು4ಟಿ ಬೇರೆ. ಯು4 ಸೈಲೆಂಟ್. ಯು4ಟಿಯಲ್ಲಿ ಡ್ಯಾಂಪರ್ ಇಲ್ಲ, ಅದು ಟಾಕ್ ಟಾಕ್ ಅನ್ನಲಿಕ್ಕೇ ಮಾಡಿದ್ದು. ನನಗೆ ಮಾರಿದವನು ಪಟ್ಟಿಯಲ್ಲಿ ಬರೆದಿದ್ದು ಯು4, ಕಳಿಸಿದ್ದು ಯು4ಟಿ. ನನ್ನದು ಸೋಲ್ಡರ್ ಬೋರ್ಡ್, ಹಾಟ್‌ಸ್ವಾಪ್ ಅಲ್ಲ. ಇಡೀ ಟಿಕೆಎಲ್ (ನಂಬರ್ ಪ್ಯಾಡ್ ಇಲ್ಲದ ಬೋರ್ಡ್), 87 ಕೀ, ಕೀಗೆ ಎರಡು ಪಿನ್, ಒಟ್ಟು 174 ಬೆಸುಗೆ. ಹೊಳೆಯುವ ಹಾಗೆ ಹಾಕಿದ್ದೆ, ಫೋಟೋ ಈಗಲೂ ಇದೆ. ಮೊದಲ ಸಾಲು ಟೈಪ್ ಮಾಡುವಾಗಲೇ ಪಕ್ಕದ ರೂಮಿನವರು ಬಂದು ಬಾಗಿಲು ತಟ್ಟಿದರು.

ತೆಗೆಯುವಾಗ ಕೈಪಂಪಿನಲ್ಲಿ ಒಂದೊಂದಾಗಿ ಎಳೆದೆ. ಸೀಸ ಇಲ್ಲದ ಬೆಸುಗೆ, ಸುಲಭಕ್ಕೆ ಕರಗಲ್ಲ. ಹೊಸದಾಗಿ ಸ್ವಲ್ಪ ಬೆಸುಗೆ ಸೇರಿಸಿ, ಕರಗಿಸಿ, ಆಮೇಲೆ ಎಳೆಯಬೇಕು. ಬೆಸುಗೆ ಕೂರುವ ತಾಮ್ರದ ಪ್ಯಾಡ್ ಮೂರು ಎದ್ದು ಬಂದವು. ಅವಕ್ಕೆ ಸಣ್ಣ ತಂತಿ ಹಾಕಿ ಪಕ್ಕದ ಡಯೋಡಿಗೆ ಜೋಡಿಸಿದ್ದೇನೆ. ಕೆಳಗಿನಿಂದ ನೋಡಿದರೆ ಬೋರ್ಡಿಗೆ ಆಪರೇಷನ್ ಆದ ಹಾಗಿದೆ, ಆದರೂ ಎಲ್ಲ ಕೀ ಕೆಲಸ ಮಾಡುತ್ತವೆ. ಮಾರಿದವನು ಅರ್ಧ ದುಡ್ಡು ಕೊಡುತ್ತೇನೆ ಅಂದವನು ಆಮೇಲೆ ಮಾತೇ ಆಡಿಲ್ಲ. ಈಗಿರುವುದು ನಿಜವಾದ ಯು4. ಉಬ್ಬು ಚೆನ್ನಾಗಿದೆ, ಹೌಸಿಂಗ್ (ಹೊರಕವಚ) ಬಿಗಿ, ಸಡಿಲ ತುಂಬುವ ಫಿಲ್ಮ್ ಗಿಲ್ಮ್ ಏನೂ ಬೇಡ.

ನಿದ್ದೆಗೇಡಿ:
ಧನ್ಯವಾದ, ಇದು ಉಪಯೋಗ ಆಯಿತು. ಯು4ನಲ್ಲಿ 62 ಗ್ರಾಂ, 68 ಗ್ರಾಂ ಎರಡು ಬರುತ್ತದಲ್ಲ, ಯಾವುದು ಹಾಕಿದ್ದೀರಿ?

ಮೂರನೇ ಸಾಲು:
ಗ್ರಾಂ ಆಮೇಲೆ. ಮೊದಲು ಬೋರ್ಡಿನಲ್ಲಿ ಎಲ್‌ಇಡಿ ಯಾವ ಕಡೆ ಇದೆ ನೋಡಿ. ನನ್ನದರಲ್ಲಿ ಸ್ವಿಚ್ಚಿನ ಮೇಲ್ಗಡೆ, ನಂಬರ್ ಸಾಲಿನ ಕಡೆ, ಅಂದರೆ ನಾರ್ತ್ ಫೇಸಿಂಗ್. ಮೇಲೆ ದಪ್ಪ ಪಿಬಿಟಿ ಪ್ಲಾಸ್ಟಿಕ್ಕಿನ, ತಗ್ಗಾದ ಚೆರ್ರಿ ಪ್ರೊಫೈಲ್ ಕೀಕ್ಯಾಪ್. ಆಗ ಏನಾಗುತ್ತದೆ ಅಂದರೆ, ಎ ಎಸ್ ಡಿ ಎಫ್ ಸಾಲಿನ ಕ್ಯಾಪ್‌ಗಳು ಕೆಳಗೆ ಬರುವಾಗ ಅವುಗಳ ಒಳಗೋಡೆ ಸ್ವಿಚ್ಚಿನ ಮೇಲ್ಭಾಗಕ್ಕೆ ಬಡಿಯುತ್ತದೆ. ಸ್ಟೆಮ್ ಕೆಳಗೆ ತಲುಪುವ ಮೊದಲೇ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗಿ ಕಟ್ ಅನ್ನುತ್ತದೆ, ಡ್ಯಾಂಪರ್ ಪಾಡಿಗೆ ಡ್ಯಾಂಪರ್ ಸುಮ್ನೆ ಕೂತಿರುತ್ತದೆ. ಉಳಿದ ಸಾಲೆಲ್ಲ ಮೆತ್ತಗೆ, ಅದೊಂದು ಸಾಲು ಮಾತ್ರ ಗಟ್ಟಿ. ಸ್ವಿಚ್ ಬದಲಾಯಿಸಿ ಅಂದರು, ಬದಲಾಯಿಸಿದೆ. ಫೋಮ್ ತುಂಬಿ ಅಂದರು, ತುಂಬಿದೆ. ಪಿಸಿಬಿ ಹಿಂದೆ ಟೇಪ್ ಅಂಟಿಸಿ ಅಂದರು, ಅಂಟಿಸಿದೆ. ಟೇಪಿನಿಂದ ಸದ್ದು ಗಡಸಾಯಿತೇ ಹೊರತು ಕಡಿಮೆ ಆಗಲಿಲ್ಲ. ಕೊನೆಗೆ ಹಳೆಯ, ಸ್ವಲ್ಪ ಎತ್ತರದ ಓಇಎಂ ಪ್ರೊಫೈಲ್ ಕ್ಯಾಪ್ ಸಿಕ್ಕಿಸಿದೆ, ಸದ್ದು ಮಾಯ. ಆ ಚಂದದ ಚೆರ್ರಿ ಸೆಟ್ ಡ್ರಾಯರಿನಲ್ಲಿ ಬಿದ್ದಿದೆ, ಬೇಕಾದವರು ಹೇಳಿ.

ಇನ್ನೊಂದು ಮಾತು. ನಾನು ಬದಲಾಯಿಸಿ ಹಾಕಿದ ಆ ಸ್ವಿಚ್ಚುಗಳು ಲ್ಯೂಬ್ ಮಾಡಿದ ಸೆಕೆಂಡ್ ಹ್ಯಾಂಡ್ ಸೆಟ್. ಕೊಟ್ಟವರು ಇದೇ ಮಾತುಕತೆಯಲ್ಲಿ ಬ್ರಷ್ ನಂಬರ್ ಸಮೇತ ಪಾಠ ಹೇಳುತ್ತಿದ್ದಾರೆ. ನಾನು ಹೆಸರು ಹೇಳಲ್ಲ.

ಗ್ರೀಸ್ ಕೈ:
ಹೇಳಿಬಿಡು ಮಾರಾಯ, ಅದರಲ್ಲೇನಿದೆ. ನಾನೇ ಕೊಟ್ಟಿದ್ದು. ಒಂದೊಂದನ್ನೂ ಕೈಯಲ್ಲಿ ಹಚ್ಚಿ, ಪರೀಕ್ಷೆ ಮಾಡಿಯೇ ಕಳಿಸಿದ್ದೇನೆ. ಲ್ಯೂಬ್ ಮಾಡಿದ ಕೂಲಿಯನ್ನೂ ಹಾಕಿರಲಿಲ್ಲ.

ಮೂರನೇ ಸಾಲು:
ಪರೀಕ್ಷೆ ಮಾಡಿದ್ದರೆ ಎಫ್ ಒತ್ತಿದರೆ ಎರಡು ಎಫ್ ಯಾಕೆ ಬೀಳುತ್ತದೆ? ಒಂದೇ ಅಲ್ಲ, ಎಂಟು ಸ್ವಿಚ್ ಹಾಗೆ. ಸಾಕೆಟ್ ಬದಲಾಯಿಸಿ ನೋಡಿದೆ, ಆ ಸ್ವಿಚ್ ಎಲ್ಲಿ ಹೋದರೆ ರೋಗವೂ ಅಲ್ಲಿಗೆ ಹೋಗುತ್ತದೆ. ಬಿಚ್ಚಿದರೆ ಲೀಫ್ (ಒಳಗಿನ ಲೋಹದ ಪಟ್ಟಿ) ಮೇಲೆ ಗ್ರೀಸ್, ಕಾಂಟ್ಯಾಕ್ಟ್ ಚುಕ್ಕಿಯ ಮೇಲೇ.

ಸ್ಪೇಸ್‌ಬಾರ್ ಸಂಕಟ:
ಫರ್ಮ್‌ವೇರ್ ಕ್ಯೂಎಂಕೆ ಆದರೆ ಡಿಬೌನ್ಸ್, ಅಂದರೆ ಒಂದು ಒತ್ತನ್ನು ಎರಡು ಅಂತ ಎಣಿಸದ ಹಾಗೆ ಕಾಯುವ ಸಮಯ, ಸುಮ್ನೆ ಬಿಟ್ಟರೆ 5 ಮಿಲಿಸೆಕೆಂಡ್ ಇರುತ್ತದೆ. 10 ಮಾಡಿ, ಎರಡೆರಡು ಬೀಳುವುದು ನಿಲ್ಲಬಹುದು.

ಮೂರನೇ ಸಾಲು:
ಇನ್ನೊಬ್ಬರ ಗ್ರೀಸಿಗೆ ನನ್ನ ಫರ್ಮ್‌ವೇರ್ ಯಾಕೆ ತಿದ್ದಬೇಕು?

ಲೀನಿಯರ್ ಸಾಕು:
ನೋಡಿದಿರಾ? ಬಿಚ್ಚಿ ನೋಡಿರಲ್ಲ ಅಂದವರ ಸ್ವಿಚ್ಚಿನ ಒಳಗೆ ಏನು ಸಿಕ್ಕಿತು ಅಂತ.

ಗ್ರೀಸ್ ಕೈ:
ನೀನು ಸುಮ್ಮನಿರು. ನಾನು ಕೊಟ್ಟ ಸೆಟ್ಟನ್ನು ಆಮೇಲೆ ಯಾರು ಬಿಚ್ಚಿದ್ದಾರೆ, ಯಾರು ಬೇರೆ ಸ್ಪ್ರಿಂಗ್ ಹಾಕಿದ್ದಾರೆ, ನನಗೇನು ಗೊತ್ತು? ಕಾಲು ಮುಟ್ಟಬಾರದು ಅಂತ ನಾನೇ ಮೇಲೆ ಬರೆದಿದ್ದೇನೆ.

ಬೆಸುಗೆ ವೀರ:
62, 68 ಕೇಳಿದವರಿಗೆ: ನನ್ನದು 68. 62 ಕೈಯಲ್ಲಿ ಹಿಡಿದು ನೋಡಿಲ್ಲ. ಆದರೆ ಒಂದು ಮಾತು. ಕೆಳಗೆ ಒಳ್ಳೆಯ ಡೆಸ್ಕ್ ಮ್ಯಾಟ್ ಹಾಸಿ. ಅಲ್ಯೂಮಿನಿಯಂ ಕೇಸ್ ನೇರವಾಗಿ ಮೇಜಿನ ಮೇಲೆ ಕೂತರೆ ಬಡಿತ ಮೇಜಿಗೆ ಇಳಿದು ಮೇಜೇ ಗುಂಯ್ ಅನ್ನುತ್ತದೆ. ಪಕ್ಕದ ರೂಮಿಗೆ ಹೋಗುತ್ತಿದ್ದಿದ್ದು ಜಾಸ್ತಿ ಅದೇ. ಮತ್ತೆ ಕೆಲವರು ಕೀಕ್ಯಾಪಿನ ಒಳಗೆ ಹಾಕುವ ರಬ್ಬರಿನ ಓ-ರಿಂಗ್ ಸಾಕು ಅಂತಾರೆ, ಅದು ಕೆಳಗೆ ಬಡಿಯುವ ಸದ್ದು ಮಾತ್ರ ತಡೆಯುವುದು, ಏಳುವ ಸದ್ದು ಹಾಗೇ ಇರುತ್ತದೆ.

ಟೋಪ್ರೆ ತಾತ:
ಮೆತ್ತಗೆ ಟೈಪ್ ಮಾಡಿ. ಅದಕ್ಕೆ ದುಡ್ಡು ಬೇಕಾಗಿಲ್ಲ.

ಸ್ಪೇಸ್‌ಬಾರ್ ಸಂಕಟ:
ಹ್ಯಾಪಿ ಹ್ಯಾಕಿಂಗ್ ತಗೊಂಡವರು ದುಡ್ಡು ಬೇಕಾಗಿಲ್ಲ ಅಂತ ಹೇಳುವುದು ಚೆನ್ನಾಗಿದೆ.

ನಿದ್ದೆಗೇಡಿ:
ಎಲ್‌ಇಡಿ ನೋಡಿದೆ, ಕೆಳಗಡೆ ಇದೆ. ಸ್ಪೇಸ್‌ಬಾರ್ ಅಲ್ಲಾಡಿಸಿದೆ, ಸದ್ದು ಇದೆ. ಯು4 62 ಆರ್ಡರ್ ಹಾಕಿದ್ದೇನೆ. ಟಿ ಇಲ್ಲ, ಎರಡು ಸಲ ಓದಿಕೊಂಡೆ.

ಲೀನಿಯರ್ ಸಾಕು:
68 ತಗೊಳ್ಳಬೇಕಿತ್ತು.

ಗ್ರೀಸ್ ಕೈ:
ಮೂರನೇ ಸಾಲು, ಆ ಎಂಟು ಸ್ವಿಚ್ ಕಳಿಸು. ಲೀಫ್ ತೆಗೆದು, ಐಸೊಪ್ರೊಪೈಲ್‌ನಲ್ಲಿ ತೊಳೆದು ಕೊಡುತ್ತೇನೆ. ಅದರ ಜೊತೆ ನಾನು ಹಾಕಿದ ಸ್ಪ್ರಿಂಗ್‌ಗಳೂ ಬರಬೇಕು, ಅಂಗಡಿ ಸ್ಪ್ರಿಂಗ್ ಅಲ್ಲ. ಕೊರಿಯರ್ ಖರ್ಚು ನಿನ್ನದು.

ಮೂರನೇ ಸಾಲು:
ಕೊರಿಯರ್ ಖರ್ಚು ನನ್ನದು ಯಾಕೆ?